ಚೊಂಬಿಗೊಂದು ಪ್ರದಕ್ಷಿಣೆ: ಶಾಲೆಯ ಡ್ರಾಯಿಂಗ್ ತರಗತಿಯಲ್ಲಿ ಕ್ಯೂಬಿಸಂ

ಡ್ರಾಯಿಂಗ್ ಪೀರಿಯಡ್‌ನಲ್ಲಿ ಕ್ಯೂಬಿಸಂ ಎಂದ ಕೂಡಲೇ ಮಕ್ಕಳು ಸ್ಕೇಲಿಗೆ ಕೈಹಾಕುತ್ತಾರೆ. ಒಂದು ಮುಖವನ್ನೋ ಹೂದಾನಿಯನ್ನೋ ಬರೆದು, ಅದರ ಮೇಲೆ ಅಡ್ಡಾದಿಡ್ಡಿ ಗೆರೆ ಎಳೆದು, ಚೂರಿಗೊಂದು ಬಣ್ಣ ತುಂಬಿ ಮುಗಿಸುತ್ತಾರೆ. ನೋಡಲು ಅಂದವಾಗಿಯೇ ಇರುತ್ತದೆ. ಆದರೆ ಅಲ್ಲಿ ನಡೆದಿರುವುದು ಇಷ್ಟೇ: ಒಂದೇ ಕಡೆ ಕುಳಿತು ನೋಡಿ ಬರೆದ ಚಿತ್ರವನ್ನು ಆಮೇಲೆ ತರಕಾರಿಯಂತೆ ಹೆಚ್ಚಿದ್ದಾರೆ. ಕ್ಯೂಬಿಸಂ ಶುರುವಾಗುವುದು ಗೆರೆಗಿಂತ ಬಹಳ ಮೊದಲು, ಕುಳಿತ ಜಾಗದಿಂದ ಎದ್ದು ವಸ್ತುವಿನ ಸುತ್ತ ಒಂದು ಸುತ್ತು ಬರುವಾಗ.

ಸೋಮನಾಥಪುರದ ಕೇಶವ ದೇವಾಲಯದ ಜಗತಿಯ (ಎತ್ತರದ ಕಟ್ಟೆಯ) ಮೇಲೆ ಪ್ರದಕ್ಷಿಣೆ ಬಂದವರಿಗೆ ಇದು ಬೇಗ ಅರ್ಥವಾಗುತ್ತದೆ. ನಕ್ಷತ್ರದಂತೆ ಮೂಲೆ ಮೂಲೆಯಾಗಿ ತಿರುಗುವ ಆ ಗೋಡೆಯನ್ನು ಎಲ್ಲಿ ನಿಂತರೂ ಪೂರ್ತಿ ನೋಡಲಾಗದು. ನಾಲ್ಕು ಹೆಜ್ಜೆ ಇಟ್ಟರೆ ಒಂದು ಮುಖ ಮರೆಯಾಗಿ ಇನ್ನೊಂದು ಎದುರಾಗುತ್ತದೆ. ಒಂದಕ್ಕೆ ಬಿಸಿಲು, ಅದರ ಪಕ್ಕದ್ದಕ್ಕೆ ನೆರಳು. ಸುತ್ತು ಮುಗಿಸಿ ಮೆಟ್ಟಿಲಿಳಿಯುವಾಗ ಮನಸ್ಸಿನಲ್ಲಿ ಉಳಿದಿರುವುದು ಎಲ್ಲ ಮುಖಗಳೂ ಕೂಡಿದ ದೇವಾಲಯ. ಹೀಗೆ ಸುತ್ತಿ ಕಂಡದ್ದನ್ನೆಲ್ಲ ಒಂದೇ ಹಾಳೆಯ ಮೇಲೆ ಇಡುವುದೇ ಕ್ಯೂಬಿಸಂ. ಈ ಕೆಲಸಕ್ಕೆ ಪ್ಯಾರಿಸ್ಸಿನಲ್ಲಿ ಚಿತ್ರಕಾರರಾದ ಪಾಬ್ಲೊ ಪಿಕಾಸೊ ಮತ್ತು ಜಾರ್ಜ್ ಬ್ರಾಕ್ ಕೈಹಾಕಿದರು. ಅವರು ಇದರಲ್ಲಿ ಮುಳುಗಿದ್ದದ್ದು 1907ರಿಂದ 1914ರ ನಡುವೆ.

ಇತಿಹಾಸ ಇಷ್ಟು ಗೊತ್ತಿದ್ದರೆ ಸಾಕು. ನಿಸರ್ಗವನ್ನು ಉರುಳೆ, ಗೋಲ, ಶಂಕುಗಳ ಮೂಲಕ ನೋಡಬೇಕೆಂದು 1904ರಲ್ಲಿ ಪತ್ರವೊಂದರಲ್ಲಿ ಬರೆದ ಚಿತ್ರಕಾರ ಪಾಲ್ ಸೆಜಾನ್ ಇವರಿಬ್ಬರಿಗೂ ಗುರುವಿದ್ದಂತೆ. 1908ರಲ್ಲಿ ಬ್ರಾಕ್ ಬರೆದ ಮನೆಗಳ ಚಿತ್ರಗಳನ್ನು ನೋಡಿದ ವಿಮರ್ಶಕ ಲೂಯಿ ವೊಸೆಲ್, ಈತ ಎಲ್ಲವನ್ನೂ ಘನಾಕೃತಿಗಳಿಗೆ (ಕ್ಯೂಬ್‌ಗಳಿಗೆ) ಇಳಿಸಿಬಿಟ್ಟಿದ್ದಾನೆ ಎಂಬ ಅರ್ಥದಲ್ಲಿ ಬರೆದ. ಹೆಸರು ಅಲ್ಲಿಂದ ಹುಟ್ಟಿತು. ಸುಮಾರು 1912ರವರೆಗಿನ ಕೆಲಸದಲ್ಲಿ ಕಂದು, ಬೂದು, ಮಣ್ಣಿನ ಹಳದಿ ಬಣ್ಣಗಳೇ ಹೆಚ್ಚು, ವಸ್ತು ಸಣ್ಣ ಸಣ್ಣ ಮುಖಗಳಾಗಿ ಒಡೆದಿರುತ್ತದೆ. ಆಮೇಲೆ ಪತ್ರಿಕೆಯ ತುಂಡು, ಗೋಡೆಗೆ ಹಚ್ಚುವ ಕಾಗದ ಎಲ್ಲ ಚಿತ್ರದೊಳಗೆ ಬಂದವು, ಆಕಾರಗಳು ದೊಡ್ಡವಾದವು, ಬಣ್ಣ ಮರಳಿತು. ಭಾರತದಲ್ಲಿ 1920ರ ದಶಕದಲ್ಲಿ ಗಗನೇಂದ್ರನಾಥ ಟ್ಯಾಗೋರ್ ಈ ದಾರಿಯನ್ನು ತಮ್ಮದೇ ರೀತಿಯಲ್ಲಿ ಬಳಸಿಕೊಂಡರು.

ಇಲ್ಲಿ ಹೇಳುವ ಕ್ರಮ ಎಂಟರಿಂದ ಹತ್ತನೇ ತರಗತಿಯವರಿಗೆ ಹೊಂದುತ್ತದೆ. 40 ನಿಮಿಷದ ಏಳು ಪೀರಿಯಡ್ ಬೇಕು. ನೋಡುವುದಕ್ಕೆ ಎರಡು, ಜೋಡಿಸಿ ಗೆರೆ ಹಾಕುವುದಕ್ಕೆ ಎರಡು, ಬಣ್ಣಕ್ಕೆ ಎರಡು, ಅಂಟಿಸುವುದಕ್ಕೆ ಒಂದು. ಸಮಯ ಕಡಿಮೆಯಿದ್ದರೆ ಅಂಟಿಸುವ ಕೆಲಸ ಬಿಡಿ. ನೋಡುವ ಎರಡು ಪೀರಿಯಡ್‌ಗೆ ಮಾತ್ರ ಕತ್ತರಿ ಹಾಕಬೇಡಿ.

ಸಾಮಾನು

ಕಾಲು ಇಂಪೀರಿಯಲ್ ಡ್ರಾಯಿಂಗ್ ಶೀಟು, ಅಂದರೆ ಸುಮಾರು 11 ಇಂಚು ಅಗಲ 15 ಇಂಚು ಉದ್ದದ್ದು. ದಪ್ಪ ಹಾಳೆಯೇ ಇರಲಿ. ತೆಳು ಹಾಳೆ ಪೋಸ್ಟರ್ ಕಲರ್ ಬಿದ್ದ ಕೂಡಲೇ ಹಪ್ಪಳದಂತೆ ಸೊಟ್ಟಗಾಗುತ್ತದೆ. ಎಚ್‌ಬಿ ಮತ್ತು 2ಬಿ ಪೆನ್ಸಿಲ್, ಮೆತ್ತನೆಯ ರಬ್ಬರ್, ಕತ್ತರಿ, ಐದಾರು ರದ್ದಿ ಬಿಳಿ ಹಾಳೆ, ಚಪ್ಪಟೆ ಬ್ರಶ್ 6 ಮತ್ತು 8ನೇ ನಂಬರಿನವು, ದುಂಡು ಬ್ರಶ್ 2ನೇ ನಂಬರಿನದು. ಬಣ್ಣದಲ್ಲಿ 15 ಮಿಲಿಲೀಟರಿನ ಬಿಳಿ ಎರಡು ಸೀಸೆ, ಯೆಲ್ಲೋ ಓಕರ್ (ಮಣ್ಣಿನ ಹಳದಿ) ಒಂದು, ಬರ್ನ್ಟ್ ಅಂಬರ್ (ಗಾಢ ಕಂದು) ಒಂದು, ಕಪ್ಪು ಒಂದು. ಶಾಲೆಯ ಬಣ್ಣದ ಡಬ್ಬಿಯಲ್ಲಿ ಓಕರ್ ಇಲ್ಲದಿದ್ದರೆ ಹಳದಿ 4 ಪಾಲಿಗೆ ಕಂದು 1 ಪಾಲು ಸೇರಿಸಿ, ಕಡ್ಡಿ ತುದಿಯಲ್ಲಿ ಒಂದಿಷ್ಟು ಕಪ್ಪು ಮುಟ್ಟಿಸಿದರೆ ಹತ್ತಿರದ ಬಣ್ಣ ಸಿಗುತ್ತದೆ. ಸ್ಕೇಲನ್ನು ಸದ್ಯಕ್ಕೆ ಬ್ಯಾಗಿನಲ್ಲೇ ಬಿಡಿ.

ಯಾವ ವಸ್ತು ಆರಿಸಬೇಕು

ಪಿಕಾಸೊ ಮತ್ತು ಬ್ರಾಕ್ ಮತ್ತೆ ಮತ್ತೆ ಬರೆದದ್ದು ಗಿಟಾರು, ಬಾಟಲಿ, ಗಾಜಿನ ಲೋಟ, ಹೊಗೆಸೊಪ್ಪಿನ ಪೈಪು, ದಿನಪತ್ರಿಕೆ. ಅವೆಲ್ಲ ಅವರ ಕೋಣೆಯಲ್ಲಿ, ಅವರು ಕೂರುತ್ತಿದ್ದ ಕಾಫಿ ಹೋಟೆಲಿನ ಮೇಜಿನ ಮೇಲೆ ದಿನವೂ ಕೈಗೆ ಸಿಗುತ್ತಿದ್ದ ಸಾಮಾನು. ಮುಟ್ಟಿಯೇ ನೋಡದ ಗಿಟಾರನ್ನು ಮೊಬೈಲ್ ನೋಡಿ ನಕಲು ಮಾಡುವುದಕ್ಕಿಂತ ಮನೆಯ ಹಿತ್ತಾಳೆ ಚೊಂಬು, ಕಾಫಿ ಲೋಟ, ಮಡಿಸಿದ ಕನ್ನಡ ಪತ್ರಿಕೆ ತಂದಿಟ್ಟುಕೊಳ್ಳುವುದು ಸಾವಿರ ಪಾಲು ಮೇಲು. ಮಂಡ್ಯ ಕಡೆಯ ಶಾಲೆಗಳಿಗೆ ಇನ್ನೂ ಒಳ್ಳೆಯ ಜೋಡಿ ಕೈಯಳತೆಯಲ್ಲೇ ಇದೆ: ಒಂದಡಿಯ ಕಬ್ಬಿನ ತುಂಡು ಮತ್ತು ಒಂದು ಅಚ್ಚು ಬೆಲ್ಲ. ಕಬ್ಬು ಪಕ್ಕದಿಂದ ಗಿಣ್ಣು ಗಿಣ್ಣಾದ ಉದ್ದನೆಯ ಪಟ್ಟಿ, ಕತ್ತರಿಸಿದ ತುದಿಯಿಂದ ಚುಕ್ಕಿ ಚುಕ್ಕಿಯ ವೃತ್ತ. ಬೆಲ್ಲದ ಅಚ್ಚಿಗಂತೂ ಮೂಲೆ, ಮುಖ, ನೆರಳು ಎಲ್ಲ ಸಿದ್ಧವಾಗಿಯೇ ಇರುತ್ತವೆ.

ಆರಿಸುವುದಕ್ಕೆ ಒಂದೇ ಪರೀಕ್ಷೆ. ಮೇಲಿನಿಂದ ಕಾಣುವ ಆಕಾರವೂ ಪಕ್ಕದಿಂದ ಕಾಣುವ ಆಕಾರವೂ ಬೇರೆ ಬೇರೆ ಇರಬೇಕು. ಚೆಂಡು, ಕಿತ್ತಳೆ ಎಲ್ಲಿಂದ ನೋಡಿದರೂ ಒಂದೇ. ಅವನ್ನು ಸುತ್ತಿದರೂ ಹೊಸದೇನೂ ಸಿಗದು. ಮೂರು ವಸ್ತು ಸಾಕು. ಐದಾರು ಇಟ್ಟರೆ ಒಂದೊಂದಕ್ಕೂ ನಾಲ್ಕೈದು ನೋಟ ಸೇರಿ ಇಪ್ಪತ್ತಕ್ಕೂ ಹೆಚ್ಚು ಆಕಾರಗಳಾಗುತ್ತವೆ. ಕಾಲು ಶೀಟಿನಲ್ಲಿ ಅಷ್ಟಕ್ಕೆ ಜಾಗವಿಲ್ಲ.

ಸುತ್ತಿ ನೋಡುವುದು

ಮೇಜನ್ನು ಗೋಡೆಯಿಂದ ಬಿಡಿಸಿ ಕೋಣೆಯ ನಡುವೆ ಇಡಿ. ಒಂದು ಕಡೆಯ ಕಿಟಕಿ ಮಾತ್ರ ತೆರೆದಿರಲಿ, ಟ್ಯೂಬ್‌ಲೈಟ್ ಆರಿಸಿ. ಮೇಜಿನಿಂದ ಒಂದು ಮೀಟರ್ ದೂರದಲ್ಲಿ ನಾಲ್ಕೂ ದಿಕ್ಕಿಗೆ ನೆಲದ ಮೇಲೆ ಚಾಕ್‌ಪೀಸಿನಿಂದ ಗುರುತು ಹಾಕಿ. ತರಗತಿಯಲ್ಲಿ ನಲವತ್ತು ಮಕ್ಕಳಿದ್ದರೆ ಹತ್ತತ್ತು ಮಂದಿಯ ನಾಲ್ಕು ಗುಂಪು ಮಾಡಿ, ಗುಂಪಿಗೊಂದು ಮೇಜು ಕೊಡಬೇಕು. ಒಂದೇ ಮೇಜಿನ ಸುತ್ತ ಎಲ್ಲರೂ ಮುಗಿಬಿದ್ದರೆ ಹಿಂದೆ ನಿಂತವರು ಮುಂದಿನವರ ಹಾಳೆ ನೋಡಿ ಬರೆಯುತ್ತಾರೆ.

ಒಂದು ರದ್ದಿ ಹಾಳೆಯಲ್ಲಿ 8 ಸೆಂ.ಮೀ. ಚೌಕದ ಐದು ಮನೆ ಹಾಕಿಕೊಳ್ಳಿ. ಒಂದೊಂದು ಮನೆಗೆ ನಾಲ್ಕೈದು ನಿಮಿಷ. ನೆರಳು, ಬಣ್ಣ ಬೇಡ, ಹೊರಗೆರೆ ಮಾತ್ರ. ಕಿಟಕಿ ಯಾವ ಕಡೆಗಿದೆ ಎಂದು ಪ್ರತಿ ಮನೆಯ ಮೂಲೆಯಲ್ಲೂ ಒಂದು ಬಾಣ ಹಾಕಿ.

ಮೊದಲನೆಯದು: ನೆಲದ ಮೇಲೋ ಕುಳ್ಳ ಸ್ಟೂಲಿನ ಮೇಲೋ ಕುಳಿತು, ಚೊಂಬಿನ ಬಾಯಿ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಬರುವಂತೆ ನೋಡಿ. ಬಾಯಿ ಒಂದು ನೇರ ಗೆರೆಯಾಗಿ ಕಾಣುತ್ತದೆ. ಎರಡನೆಯದು ನಿಂತು ನೋಡುವುದು. ಅದೇ ಬಾಯಿ ಈಗ ಅಂಡಾಕಾರ. ಮೂರನೆಯದಕ್ಕೆ ಚೊಂಬನ್ನು ನೆಲಕ್ಕಿಳಿಸಿ ನೆತ್ತಿಯ ಮೇಲಿಂದ ನೋಡಿ. ಬಾಯಿ ಪೂರ್ಣ ವೃತ್ತ, ಅದರ ಸುತ್ತ ಹೊಟ್ಟೆಯ ಇನ್ನೊಂದು ವೃತ್ತ, ಕತ್ತು ಕಾಣುವುದೇ ಇಲ್ಲ. ನಾಲ್ಕನೆಯದು ಮೇಜಿನ ಇನ್ನೊಂದು ಪಕ್ಕದಿಂದ. ಚೊಂಬಿನ ಹೊರಗೆರೆ ಬದಲಾಗದಿದ್ದರೂ ಲೋಟ ಚೊಂಬಿನ ಹಿಂದೆ ಸರಿದಿರುತ್ತದೆ, ಪತ್ರಿಕೆಯ ಮಡಿಕೆ ಎದುರಿಗೆ ಬಂದಿರುತ್ತದೆ, ಬೆಳಕು ಮಗ್ಗುಲು ಬದಲಿಸಿರುತ್ತದೆ. ಐದನೆಯದಕ್ಕೆ ಚೊಂಬನ್ನು ಅಡ್ಡ ಮಲಗಿಸಿ ತಳ ನೋಡಿ.

ಈ ಹಂತದಲ್ಲಿ ಕಣ್ಣನ್ನು ಚೊಂಬಿಗೆ ತೀರ ಹತ್ತಿರ ಒಯ್ಯಿರಿ. ಬಾಯಿಯ ಅಂಚು ಒಂದೇ ಗೆರೆಯಲ್ಲ, ಹೊರಗೊಂದು ಒಳಗೊಂದು ಎರಡು ಗೆರೆ, ನಡುವೆ ದಾರದಷ್ಟು ಹೊಳಪು. ಕತ್ತು ಹೊಟ್ಟೆಯನ್ನು ಸೇರುವಲ್ಲಿ ಕಪ್ಪು ಉಂಗುರದಂಥ ನೆರಳು. ಹೊಟ್ಟೆಯ ಮೇಲೆ ತರಗತಿಯ ಕಿಟಕಿ ಇಷ್ಟೇ ಇಷ್ಟು ಪುಟ್ಟದಾಗಿ, ಸರಳುಗಳು ಬಿಲ್ಲಿನಂತೆ ಬಾಗಿ ಕೂತಿರುತ್ತದೆ. ಆ ಬಾಗಿದ ಕಿಟಕಿಯೂ ಒಂದು ನೋಟವೇ, ಚೊಂಬು ಕೋಣೆಯನ್ನು ನೋಡುವ ನೋಟ. ಅದನ್ನು ಪಕ್ಕದಲ್ಲಿ ದೊಡ್ಡದಾಗಿ ಬರೆದಿಟ್ಟುಕೊಳ್ಳಿ. ಚಿತ್ರದ ಅತಿ ಚೆಂದದ ಭಾಗ ಅದೇ ಆದರೂ ಆಯಿತು.

ಇಲ್ಲಿ ಆಗುವ ತಪ್ಪು ಎರಡು. ಅಂಡಾಕಾರದ ಎರಡು ತುದಿಯನ್ನು ಕಣ್ಣಿನ ಆಕಾರದಂತೆ ಚೂಪು ಮಾಡುವುದು ಒಂದು. ಅಂಡಾಕಾರಕ್ಕೆ ಎಲ್ಲೂ ಮೂಲೆ ಇರದು, ತುದಿಯಲ್ಲೂ ಅದು ತಿರುಗಬೇಕು. ಬಾಯಿಯನ್ನು ಮೇಲಿನಿಂದಲೂ ತಳವನ್ನು ಎದುರಿನಿಂದಲೂ ಒಂದೇ ಮನೆಯಲ್ಲಿ ಬರೆದುಬಿಡುವುದು ಇನ್ನೊಂದು. ಮುಂದೆ ನಾವೇ ಹಾಗೆ ಬೆರೆಸುವವರು. ಆದರೆ ಬೆರೆಸುವ ಮೊದಲು ಒಂದೊಂದು ನೋಟವೂ ಬಿಡಿಯಾಗಿ ಸರಿಯಿರಬೇಕು. ತಿಳಿಯದೆ ಬೆರೆತದ್ದು ತಪ್ಪಾಗಿಯೇ ಕಾಣುತ್ತದೆ. ಮೊಬೈಲ್ ಫೋಟೊ ತೆಗೆದುಕೊಂಡು ಮನೆಯಲ್ಲಿ ಅನುಮಾನ ಬಂದಾಗ ನೋಡುವುದಕ್ಕೆ ಅಡ್ಡಿಯಿಲ್ಲ, ಅದರ ಮೇಲೆ ಹಾಳೆ ಇಟ್ಟು ನಕಲು ತೆಗೆಯಬೇಡಿ.

ಆರಿಸಿ, ಕತ್ತರಿಸಿ, ಜರುಗಿಸಿ

ಐದು ನೋಟವೂ ಮುಂದಿವೆ. ಎಲ್ಲವನ್ನೂ ಹಾಕುವ ಹಾಗಿಲ್ಲ. ಚೊಂಬಿನ ಯಾವ ಅಂಗ ಯಾವ ನೋಟದಲ್ಲಿ ತನ್ನ ಗುರುತನ್ನು ಚೆನ್ನಾಗಿ ಹೇಳುತ್ತದೆ ಎಂದು ಕೇಳಿಕೊಳ್ಳಿ. ಬಾಯಿ ಮೇಲಿನ ನೋಟದಲ್ಲಿ ಹೇಳುತ್ತದೆ, ಕತ್ತಿನ ಬಳುಕು ಕಣ್ಮಟ್ಟದ ನೋಟದಲ್ಲಿ, ಹೊಟ್ಟೆಯ ಉಬ್ಬು ನಿಂತ ನೋಟದಲ್ಲಿ, ತಳ ಮಲಗಿದ ನೋಟದಲ್ಲಿ. ಲೋಟಕ್ಕೆ ಮೇಲಿನ ವೃತ್ತ ಮತ್ತು ಪಕ್ಕದ ಎರಡು ಓರೆ ಗೆರೆ ಸಾಕು. ಪತ್ರಿಕೆಗೆ ಮೇಲಿನ ಆಯತ ಒಂದು, ಮಡಿಕೆಯ ಅಂಚು ಒಂದು. ಕಬ್ಬಾದರೆ ಗಿಣ್ಣಿನ ಪಟ್ಟಿ ಮತ್ತು ತುದಿಯ ವೃತ್ತ. ಒಟ್ಟು ಒಂಬತ್ತು ಹತ್ತು ತುಂಡು ಬಂದರೆ ಸರಿಯಾದ ಲೆಕ್ಕ.

ಈ ಅಂಗಗಳನ್ನು ರದ್ದಿ ಹಾಳೆಯಲ್ಲಿ ದೊಡ್ಡದು ಮಾಡಿ ಬರೆದು ಕತ್ತರಿಸಿ. ಕಾಲು ಶೀಟಿಗೆ ಚೊಂಬು 16ರಿಂದ 18 ಸೆಂ.ಮೀ. ಎತ್ತರ ಬರಬೇಕು. ಹೆದರಿ ಚಿಕ್ಕದಾಗಿ ಬರೆದರೆ ಮುಂದೆ ಮುಖಗಳು ಹೆಬ್ಬೆರಳಿಗಿಂತ ಸಣ್ಣವಾಗಿ ಬ್ರಶ್ ಆಡಿಸಲು ಜಾಗವೇ ಉಳಿಯದು. ತುಂಡುಗಳನ್ನು ಡ್ರಾಯಿಂಗ್ ಶೀಟಿನ ಮೇಲಿಟ್ಟು ಮೊದಲು ಚೊಂಬು ಚೊಂಬಾಗಿಯೇ ಕಾಣುವಂತೆ ಜೋಡಿಸಿ. ಆಮೇಲೆ ಒಂದೊಂದನ್ನೇ ಒಂದೆರಡು ಸೆಂ.ಮೀ. ಸರಿಸಿ, ಸ್ವಲ್ಪ ಓರೆ ಮಾಡಿ. ಬಾಯಿಯ ವೃತ್ತ ಎಡಕ್ಕೆ ಜಾರಲಿ, ಹೊಟ್ಟೆಯ ಬಲಗಡೆಯ ಉಬ್ಬು ಕೆಳಗಿಳಿಯಲಿ. ಲೋಟದ ಒಂದು ಓರೆ ಗೆರೆ ಚೊಂಬಿನ ಹೊಟ್ಟೆಯೊಳಕ್ಕೆ ನುಗ್ಗಲಿ. ಹತ್ತು ನಿಮಿಷ ಹೀಗೆ ಆಡಿ. ಈ ಆಟದಲ್ಲಿ ರಬ್ಬರಿನ ಕೆಲಸವೇ ಇಲ್ಲ, ಹಾಳೆ ಕೊಳೆಯಾಗದು. ಅದಕ್ಕೇ ನೇರವಾಗಿ ಶೀಟಿನ ಮೇಲೆ ಬರೆಯುವುದಕ್ಕಿಂತ ಈ ದಾರಿಯೇ ಒಳ್ಳೆಯದು.

ಎಷ್ಟು ಸರಿಸಬೇಕು? ಮೂರು ಸೆಂ.ಮೀ. ದಾಟಿದರೆ ಸಾಮಾನ್ಯವಾಗಿ ಅಂಗಗಳು ಒಂದನ್ನೊಂದು ಬಿಟ್ಟುಹೋಗುತ್ತವೆ, ವಸ್ತು ಮಾಯವಾಗುತ್ತದೆ. ಪಕ್ಕದ ಬೆಂಚಿನವರನ್ನು ಕರೆದು ತೋರಿಸಿ. ಸ್ವಲ್ಪ ತಡೆದು "ಚೊಂಬು" ಎಂದರೆ ಸರಿಯಾಗಿದೆ. ನೋಡಿದ ತಕ್ಷಣ ಹೇಳಿದರೆ ಇನ್ನೂ ಕೊಂಚ ಜರುಗಿಸಿ. ಏನೂ ತೋಚದೆ ನಿಮ್ಮ ಮುಖ ನೋಡಿದರೆ ಎರಡು ತುಂಡನ್ನು ಹಿಂದಕ್ಕೆ ತನ್ನಿ.

ಗುಂಪೆಲ್ಲ ನಡುವೆ ಇರಲಿ, ನಾಲ್ಕು ಮೂಲೆ ಖಾಲಿಯಾಗಿ ಉಸಿರಾಡಲಿ. ಬ್ರಾಕ್ ಮತ್ತು ಪಿಕಾಸೊ ಹಲವು ಸಲ ಅಂಡಾಕಾರದ ಕ್ಯಾನ್ವಾಸನ್ನೇ ಬಳಸಿದರು. ಮೂಲೆಯ ಕಾಟವೇ ಇಲ್ಲ. ನೀವೂ ಹಾಳೆಯಲ್ಲಿ ತೆಳುವಾಗಿ ಒಂದು ದೊಡ್ಡ ಅಂಡಾಕಾರ ಬರೆದುಕೊಂಡು ಅದರೊಳಗೆ ಜೋಡಿಸಬಹುದು. ಸಮಾಧಾನವಾದ ಮೇಲೆ ಒಂದೊಂದು ತುಂಡಿನ ಅಂಚಿನ ಸುತ್ತ ಎಚ್‌ಬಿಯಿಂದ ಹಗುರವಾಗಿ ಗೆರೆ ಎಳೆದು ತುಂಡನ್ನು ತೆಗೆಯಿರಿ.

ಗೆರೆ ಎಲ್ಲಿಂದ ಹುಟ್ಟುತ್ತದೆ

ಈಗ ಸ್ಕೇಲು ಹೊರಗೆ ತೆಗೆಯಬಹುದು, ಆದರೂ ಕೈಗೆರೆಯೇ ಜೀವಂತ. ಹೊಸ ಗೆರೆಯನ್ನು ಮನಸ್ಸಿಗೆ ಬಂದಲ್ಲಿ ಎಳೆಯುವ ಹಾಗಿಲ್ಲ. ಹಾಳೆಯ ಮೇಲೆ ಆಗಲೇ ಇರುವ ಅಂಚನ್ನೇ ಮುಂದುವರಿಸಬೇಕು. ಲೋಟದ ಓರೆ ಗೆರೆಯನ್ನು ಮೇಲಕ್ಕೆ ಒಯ್ದರೆ ಚೊಂಬಿನ ಬಾಯಿಗೆ ತಾಗುತ್ತದೆ. ಅಲ್ಲಿ ನಿಲ್ಲಿಸಿ. ಪತ್ರಿಕೆಯ ಅಂಚನ್ನು ಬಲಕ್ಕೆ ಒಯ್ದರೆ ಹೊಟ್ಟೆಯನ್ನು ಸೀಳಿ ಲೋಟದ ತಳ ಮುಟ್ಟುತ್ತದೆ. ಮೇಜಿನ ಅಂಚು ಚೊಂಬಿನ ಎಡಕ್ಕೆ ಒಂದು ಮಟ್ಟದಲ್ಲೂ ಬಲಕ್ಕೆ ಒಂದು ಸೆಂ.ಮೀ. ಕೆಳಗೂ ಬರಲಿ, ಎರಡು ಬೇರೆ ಜಾಗದಿಂದ ನೋಡಿದ್ದೀರಲ್ಲ. ಇಂಥ ಉದ್ದ ಗೆರೆ ಐದಾರು ಸಾಕು. ಅವುಗಳ ನಡುವೆ ಸಿಕ್ಕಿದ ಜಾಗಗಳೇ ಮುಖಗಳು. ಎಣಿಸಿ ನೋಡಿ, 25ರಿಂದ 40 ಇರಬೇಕು. ಅರವತ್ತು ದಾಟಿದ್ದರೆ ಎರಡು ಉದ್ದ ಗೆರೆ ಅಳಿಸಿ.

ಹೀಗೆ ಮಾಡಿದಾಗ ಒಂದು ವಸ್ತುವಿನ ಗೆರೆ ಇನ್ನೊಂದರ ಮೈಮೇಲೆ ಹಾಯುತ್ತದೆ, ವಸ್ತುಗಳೂ ಹಿನ್ನೆಲೆಯೂ ಒಂದೇ ಹೊಲದ ಬದುಗಳಂತೆ ಕೂಡಿಕೊಳ್ಳುತ್ತವೆ. ಮನಬಂದಂತೆ ಎಳೆದ ಗೆರೆಗೆ ಈ ಗುಣ ಬಾರದು. ಅದು ಒಡೆದ ಕನ್ನಡಿಯಂತೆ ಕಾಣುವುದು ಅದಕ್ಕೇ.

ಇನ್ನೊಂದು ಹೆಜ್ಜೆಯನ್ನು ಶಾಲೆಗಳಲ್ಲಿ ಹೆಚ್ಚಾಗಿ ಬಿಟ್ಟೇಬಿಡುತ್ತಾರೆ, ನಮ್ಮ ಮಟ್ಟಿಗೆ ಅರ್ಧ ಚಿತ್ರ ಕೆಡುವುದು ಇಲ್ಲೇ. ಪ್ರತಿ ಮುಖದ ಎಲ್ಲ ಅಂಚೂ ಮುಚ್ಚಿರಬಾರದು. ಒಂದು ಕಡೆಯ ಗೆರೆಯನ್ನು ಎರಡು ಮೂರು ಸೆಂ.ಮೀ. ರಬ್ಬರಿನಿಂದ ಅಳಿಸಿ ಬಾಗಿಲು ತೆರೆಯಿರಿ. ಚೊಂಬಿನ ಹೊಟ್ಟೆ ಆ ಬಾಗಿಲಿನಿಂದ ಹಿನ್ನೆಲೆಯೊಳಕ್ಕೆ ಹರಿಯುತ್ತದೆ. ಸೆಜಾನ್ ಚಿತ್ರಗಳಿಂದ ಇವರು ಕಲಿತ ಪಾಠ ಇದು. ಎಲ್ಲ ಅಂಚನ್ನೂ ಮುಚ್ಚಿ, ಮೇಲೆ ಕಪ್ಪು ಸ್ಕೆಚ್ ಪೆನ್ನಿನಲ್ಲಿ ತಿದ್ದಿದರೆ ಸಿಗುವುದು ಬಣ್ಣದ ಗಾಜಿನ ಕಿಟಕಿ. ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚಿನ ಗಾಜು ಅತಿ ಸುಂದರ, ಆದರೆ ಅಲ್ಲಿ ಒಂದೊಂದು ಚೂರೂ ತನ್ನ ಚೌಕಟ್ಟಿನೊಳಗೇ ಇರುತ್ತದೆ. ಇಲ್ಲಿ ಚೂರು ಪಕ್ಕದ ಚೂರಿನೊಡನೆ ಬೆರೆಯಬೇಕು.

ನೆರಳು

ಜಗನ್ಮೋಹನ ಅರಮನೆಯ ಗ್ಯಾಲರಿಯಲ್ಲಿರುವ ಹಳದಣ್ಕರ್ ಅವರ ದೀಪ ಹಿಡಿದ ಹೆಣ್ಣಿನ ಜಲವರ್ಣ ಚಿತ್ರವನ್ನು ಮೈಸೂರಿನ ಮಕ್ಕಳು ನೋಡಿಯೇ ಇರುತ್ತಾರೆ. ಬೆರಳ ಸಂದಿಯ ಕೆಂಪಿನಿಂದ ಸೀರೆಯ ಮಡಿಕೆಯವರೆಗೆ ಅಲ್ಲಿನ ಬೆಳಕೆಲ್ಲ ಆ ಒಂದು ದೀಪದಿಂದಲೇ ಬಂದದ್ದು. ಕ್ಯೂಬಿಸಂನಲ್ಲಿ ಈ ನಿಯಮ ಸಡಿಲವಾಗುತ್ತದೆ. ಐದು ಜಾಗದಿಂದ ನೋಡಿದವರಿಗೆ ಬೆಳಕು ಐದು ಕಡೆಯಿಂದ ಬಂದಿರುತ್ತದೆ. ನೋಟದ ಮನೆಗಳಲ್ಲಿ ಬಾಣ ಹಾಕಿದ್ದು ಇದಕ್ಕಾಗಿ. ಯಾವ ತುಂಡು ಯಾವ ನೋಟದ್ದೋ ಅದಕ್ಕೆ ಆ ಬಾಣದ ಬೆಳಕು.

ಪ್ರತಿ ಮುಖವನ್ನೂ ಒಂದು ಅಂಚಿನಲ್ಲಿ ಗಾಢವಾಗಿ ಶುರುಮಾಡಿ ಎದುರು ಅಂಚಿಗೆ ಹೋಗುವಷ್ಟರಲ್ಲಿ ತಿಳಿಯಾಗಿಸಿ. ಮುಂದಿನ ಮುಖದ ಗಾಢ ಅಂಚು ಈ ಮುಖದ ತಿಳಿ ಅಂಚಿನ ಪಕ್ಕಕ್ಕೆ ಬರಬೇಕು. ಸೋಮನಾಥಪುರದ ಗೋಡೆಯಲ್ಲಿ ಬೆಳಿಗ್ಗೆಯ ಬಿಸಿಲು ಮಾಡುವುದೂ ಇದನ್ನೇ. ಆಗ ಮುಖಗಳು ಒಂದರ ಹಿಂದೊಂದು ವಾಲಿದಂತೆ ಕಾಣುತ್ತವೆ. ಇಡೀ ಮುಖಕ್ಕೆ ಒಂದೇ ಬಣ್ಣ ಸಪಾಟಾಗಿ ಬಳಿದರೆ ಚಿತ್ರ ನೆಲದ ಟೈಲ್ಸಿನಂತೆ ಮಲಗಿಬಿಡುತ್ತದೆ. ಬಾಗಿಲು ತೆರೆದಿಟ್ಟ ಕಡೆ ಮಾತ್ರ ಎರಡೂ ಬದಿಗೆ ಒಂದೇ ಛಾಯೆ ಇರಲಿ. ಮೊದಲು ನೋಟದ ಹಾಳೆಯ ಹಿಂಬದಿಯಲ್ಲಿ 2ಬಿ ಪೆನ್ಸಿಲಿನಲ್ಲಿ ಸಣ್ಣದಾಗಿ ಮಾಡಿ ನೋಡಿ. ಅಲ್ಲಿ ಹತ್ತು ನಿಮಿಷ ಕಳೆದರೆ ಬಣ್ಣದಲ್ಲಿ ಒಂದು ಪೀರಿಯಡ್ ಉಳಿಯುತ್ತದೆ.

ಬಣ್ಣ

ಓಕರ್ 2 ಪಾಲು, ಅಂಬರ್ 1 ಪಾಲು ಕಲಸಿ ಮೂಲ ಬಣ್ಣ ಮಾಡಿಕೊಳ್ಳಿ. ಅದರಿಂದ ಐದು ಛಾಯೆ. ಅತಿ ತಿಳಿಯದು ಮೂಲ 1, ಬಿಳಿ 6. ಎರಡನೆಯದು ಮೂಲ 1, ಬಿಳಿ 3. ಮೂರನೆಯದು ಸಮಸಮ. ನಾಲ್ಕನೆಯದು ಮೂಲ ಬಣ್ಣವೇ. ಐದನೆಯದು ಮೂಲ 3, ಕಪ್ಪು 1. ಬಾಟಲಿ ಮುಚ್ಚಳಗಳಲ್ಲಿ ಹಾಕಿಟ್ಟು ನಂಬರು ಬರೆಯಿರಿ. ಮುಂದಿನ ಪೀರಿಯಡ್‌ವರೆಗೆ ಉಳಿಸಬೇಕಾದರೆ ಮುಚ್ಚಳಗಳನ್ನು ಟಿಫಿನ್ ಡಬ್ಬಿಯಲ್ಲಿ ಒದ್ದೆ ಬಟ್ಟೆಯ ಜೊತೆ ಇಟ್ಟು ಮುಚ್ಚಿ. ಬೇರೆ ಬಣ್ಣ ಏನೂ ಬೇಡವೇ ಎಂದು ಮಕ್ಕಳು ಕೇಳುತ್ತಾರೆ. ಮೊದಲ ಚಿತ್ರಕ್ಕೆ ಬೇಡ. ಕೆಂಪು, ನೀಲಿ, ಹಸಿರು ಬಂದ ಕೂಡಲೇ ಕಣ್ಣು ಬಣ್ಣದ ಹಿಂದೆ ಓಡುತ್ತದೆ, ಆಕಾರ ಹಿಂದೆ ಬೀಳುತ್ತದೆ. ಹಿತ್ತಾಳೆ ಚೊಂಬಿಗಂತೂ ಈ ಐದು ಛಾಯೆ ಹೇಳಿ ಮಾಡಿಸಿದ ಹಾಗಿವೆ.

ಬಣ್ಣ ಗಟ್ಟಿ ಮಜ್ಜಿಗೆಯ ಹದಕ್ಕಿರಬೇಕು. ನೀರು ಹೆಚ್ಚಾದರೆ ಪೆನ್ಸಿಲ್ ಗೆರೆ ಇಣುಕಿ, ಒಣಗಿದ ಮೇಲೆ ಕಲೆ ಕಲೆಯಾಗುತ್ತದೆ. ನೀರು ತೀರ ಕಡಿಮೆಯಾದರೆ ದಪ್ಪ ಪದರ ಬಿರುಕು ಬಿಟ್ಟು ಉದುರುತ್ತದೆ. ಒದ್ದೆಯಲ್ಲಿ ಕಂಡ ಛಾಯೆ ಒಣಗಿದಾಗ ಹಾಗೆಯೇ ಇರದು. ತಿಳಿ ಛಾಯೆ ಸ್ವಲ್ಪ ಗಾಢವಾಗುತ್ತದೆ, ಗಾಢ ಛಾಯೆ ಸ್ವಲ್ಪ ಮಾಸುತ್ತದೆ. ಚೂರು ಹಾಳೆಯ ಮೇಲೆ ಐದನ್ನೂ ಬಳಿದು ಒಣಗಲು ಬಿಟ್ಟು ನೋಡಿಯೇ ಮುಂದುವರಿಯಿರಿ.

ಛಾಯೆ ಇಳಿಸುವುದಕ್ಕೆ ಎರಡು ಚಪ್ಪಟೆ ಬ್ರಶ್ ಬೇಕು. ಒಂದರಲ್ಲಿ 4ನೇ ಛಾಯೆ ತೆಗೆದು ಗಾಢ ಅಂಚಿನಿಂದ ಮೂರನೇ ಒಂದು ಭಾಗ ಬಳಿಯಿರಿ. ಇನ್ನೊಂದರಲ್ಲಿ 2ನೇ ಛಾಯೆ ತೆಗೆದು ಎದುರು ಅಂಚಿನಿಂದ ಮೂರನೇ ಒಂದು ಭಾಗ. ಎರಡೂ ಹಸಿಯಿರುವಾಗಲೇ ನೀರು ಹಿಂಡಿದ ಬ್ರಶ್ಶಿನಿಂದ ನಡುವಿನ ಜಾಗದಲ್ಲಿ ಅತ್ತಿಂದಿತ್ತ ನಾಲ್ಕೈದು ಸಲ ಎಳೆಯಿರಿ, ಅಷ್ಟೇ. ಮಾರ್ಚ್ ಏಪ್ರಿಲ್ ಬಿಸಿಲಿನಲ್ಲಿ ಒಂದು ನಿಮಿಷಕ್ಕೇ ಒಣಗತೊಡಗುತ್ತದೆ. ಫ್ಯಾನ್ ಆರಿಸಿ, ಒಂದು ಸಲಕ್ಕೆ ಒಂದೇ ಮುಖ ಹಿಡಿಯಿರಿ. ಮಳೆಗಾಲದಲ್ಲಿ ಇದಕ್ಕೆ ತದ್ವಿರುದ್ಧ ತೊಂದರೆ. ಪಕ್ಕದ ಮುಖ ಒಣಗದೆ ಎರಡೂ ಕಲಸಿಹೋಗುತ್ತವೆ. ಆಗ ಒಂದು ಮುಖ ಬಿಟ್ಟು ಒಂದು ಮುಖ ಬಳಿದು, ಒಣಗಿದ ಮೇಲೆ ಉಳಿದವಕ್ಕೆ ಬನ್ನಿ.

ಪೋಸ್ಟರ್ ಕಲರ್ ಒಣಗಿದ ಮೇಲೂ ನೀರು ಮುಟ್ಟಿದರೆ ಕರಗುತ್ತದೆ. ಎರಡನೇ ಕೋಟ್ ಹಾಕುವಾಗ ಉಜ್ಜಿದರೆ ಕೆಳಗಿನದೂ ಎದ್ದು ಕೆಸರಾಗುತ್ತದೆ. ಬ್ರಶ್ ಒಮ್ಮೆ ಎಳೆದು ಎತ್ತಿಬಿಡಬೇಕು. ಬ್ರಶ್ ತೊಳೆಯುವುದಕ್ಕೆ ಎರಡು ಮಗ್ ನೀರು ಇಡಿ. ಒಂದು ಕೊಳೆ ಬಿಡಲು, ಒಂದು ಜಾಲಿಸಲು. ಇಡೀ ತರಗತಿಯ ಚಿತ್ರಗಳು ಒಂದೇ ಬೂದುಬಣ್ಣಕ್ಕೆ ತಿರುಗುವುದು ಒಂದೇ ಮಗ್ಗಿನ ಕೊಳೆನೀರಿನಿಂದ.

ಅಂಟಿಸುವ ಕೆಲಸ

1912ರ ಸೆಪ್ಟೆಂಬರಿನಲ್ಲಿ ಬ್ರಾಕ್ ಮರದ ಗೀರು ಅಚ್ಚಾಗಿದ್ದ ಗೋಡೆ ಕಾಗದವನ್ನು ಕತ್ತರಿಸಿ ತನ್ನ ಚಿತ್ರಕ್ಕೆ ಅಂಟಿಸಿದ. ಅದೇ ವರ್ಷ ಪಿಕಾಸೊ ಕುರ್ಚಿಯ ಬೆತ್ತದ ಹೆಣಿಗೆ ಅಚ್ಚಾಗಿದ್ದ ಎಣ್ಣೆಬಟ್ಟೆಯನ್ನು ಅಂಡಾಕಾರದ ಚಿತ್ರವೊಂದರಲ್ಲಿ ಬಳಸಿದ. ಆ ಚಿತ್ರದಲ್ಲಿ ಫ್ರೆಂಚ್ ಪತ್ರಿಕೆಯ ಹೆಸರಿನ ಮೊದಲ ಮೂರು ಅಕ್ಷರ ಮಾತ್ರ ಇವೆ. ಪತ್ರಿಕೆ ಎಂದೂ ಓದಬಹುದು, ಆ ಭಾಷೆಯಲ್ಲಿ ಆಟಕ್ಕಿರುವ ಪದದ ನೆನಪೂ ಬರುತ್ತದೆ. ಕನ್ನಡದಲ್ಲಿ ಇದಕ್ಕೆ ನಾವು ಹುಡುಕಿಕೊಂಡು ಹೋಗಬೇಕಾಗಿಲ್ಲ. ಪತ್ರಿಕೆಯ ತಲೆಬರಹದಲ್ಲಿ 'ಮೈಸೂರು' ಎಂದಿರುವಲ್ಲಿ ಮೊದಲ ಅಕ್ಷರದ ನಂತರ ಕತ್ತರಿಸಿ. ಉಳಿಯುವುದು 'ಮೈ'. ಊರೂ ಹೌದು, ಚೊಂಬಿನ ಮೈಯೂ ಹೌದು. ಕನ್ನಡದ ಅಕ್ಷರಗಳು ದುಂಡಗಿರುವುದರಿಂದ ನೇರ ಗೆರೆಗಳ ಗುಂಪಿನಲ್ಲಿ ಅವು ಚೊಂಬಿನ ಬಾಯಿಗೆ, ಲೋಟದ ಅಂಚಿಗೆ ಜೊತೆಯಾಗಿ ನಿಲ್ಲುತ್ತವೆ.

ಮಾಸಲು ಬಣ್ಣದ ಸಾದಾ ಪತ್ರಿಕೆ ಹಾಳೆಯನ್ನೇ ತೆಗೆದುಕೊಳ್ಳಿ. ಹೊಳಪಿನ ಪುರವಣಿಯ ಮೇಲೆ ಪೋಸ್ಟರ್ ಕಲರ್ ನಿಲ್ಲದೆ ಮಣಿ ಮಣಿಯಾಗಿ ಸರಿಯುತ್ತದೆ. ಎರಡೇ ತುಂಡು ಸಾಕು, ಒಂದು ಅಂಗೈಯಗಲ, ಇನ್ನೊಂದು ಅದರ ಅರ್ಧ. ಆಗಲೇ ಬರೆದಿರುವ ಮುಖದ ಆಕಾರಕ್ಕೇ ಕತ್ತರಿಸಿದರೆ ಅದು ಚಿತ್ರದೊಳಗೆ ಕೂರುತ್ತದೆ. ಚೌಕಾಕಾರಕ್ಕೆ ಕತ್ತರಿಸಿದರೆ ಮೇಲೆ ಬಿದ್ದ ಚೀಟಿಯಂತೆ ಕಾಣುತ್ತದೆ. ಫೆವಿಕಾಲ್ 2 ಪಾಲಿಗೆ ನೀರು 1 ಪಾಲು ಕಲಸಿ, ಅಂಟನ್ನು ಡ್ರಾಯಿಂಗ್ ಶೀಟಿಗೆ ತೆಳುವಾಗಿ ಹಚ್ಚಿ, ಪತ್ರಿಕೆಯನ್ನು ನಡುವಿನಿಂದ ಅಂಚಿಗೆ ಒತ್ತುತ್ತಾ ಬನ್ನಿ. ಪತ್ರಿಕೆಗೇ ಅಂಟು ಹಚ್ಚಿದರೆ ಅದು ನೆನೆದು ಹಿಗ್ಗಿ, ಒಣಗುವಾಗ ಸುಕ್ಕಾಗುತ್ತದೆ. ಫೆವಿಕಾಲ್ ಇಲ್ಲದಿದ್ದರೆ ಮೈದಾ ಅಂಟು ಆಗುತ್ತದೆ. ಒಂದು ಚಮಚ ಮೈದಾಕ್ಕೆ ಆರು ಚಮಚ ತಣ್ಣೀರು ಹಾಕಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕಲಕುತ್ತಾ ಗಂಜಿಯಂತಾಗುವವರೆಗೆ ಕಾಯಿಸಿ. ಅಂದಿನದನ್ನು ಅಂದೇ ಬಳಸಿ, ಹುಳಿಯಾಗುತ್ತದೆ.

ಮರದ ಗೀರನ್ನು ನೀವೇ ಮಾಡಬಹುದು. ಬ್ರಾಕ್ ಮನೆಗಳಿಗೆ ಬಣ್ಣ ಬಳಿಯುವ, ಅಲಂಕಾರ ಮಾಡುವ ಕಸುಬು ಕಲಿತಿದ್ದವನು. ಹಸಿ ಬಣ್ಣದ ಮೇಲೆ ಬಾಚಣಿಗೆ ಎಳೆದು ಮರದಂತೆ ಕಾಣಿಸುವ ಕೈಚಳಕವನ್ನು ಅಲ್ಲಿಂದಲೇ ಚಿತ್ರಕ್ಕೆ ತಂದ. ರಟ್ಟಿನ ತುಂಡೊಂದರ ಅಂಚಿಗೆ 2ರಿಂದ 3 ಮಿ.ಮೀ. ಅಂತರದಲ್ಲಿ ಹಲ್ಲು ಕತ್ತರಿಸಿ. ಬೇರೆ ಹಾಳೆಗೆ 2ನೇ ಛಾಯೆ ಬಳಿದು ಪೂರ್ತಿ ಒಣಗಿಸಿ. ಅದರ ಮೇಲೆ ಅಂಬರನ್ನು ದಪ್ಪಗೆ ಬಳಿದು, ಹಸಿಯಿರುವಾಗಲೇ ರಟ್ಟಿನ ಹಲ್ಲನ್ನು ಒಂದೇ ಎಳೆತದಲ್ಲಿ, ನಡುವೆ ಮಣಿಕಟ್ಟನ್ನು ಚೂರು ಅಲುಗಿಸಿ ಕೆಳಗೆ ತನ್ನಿ. ಅಲುಗಿದಲ್ಲಿ ಗೀರು ಬಾಗಿ ಮರದ ಗಂಟಿನಂತೆ ಕಾಣುತ್ತದೆ. ಎರಡು ಸಲ ಎಳೆದರೆ ಕೆಳಗಿನ ಬಣ್ಣವೂ ಎದ್ದು ಕೆಡುತ್ತದೆ. ಮನೆಯಲ್ಲಿ ಮೈಸೂರಿನ ಬೀಟೆ ಮರದ ಇನ್ಲೇ ಕೆಲಸದ ಪೆಟ್ಟಿಗೆಯೋ ಫಲಕವೋ ಇದ್ದರೆ ಅದರ ಗೀರನ್ನು ನೋಡಿಕೊಳ್ಳಿ. ಒಣಗಿದ ಹಾಳೆಯನ್ನು ಕತ್ತರಿಸಿ ಮೇಜಿನ ಮುಖಗಳಿರುವಲ್ಲಿ ಅಂಟಿಸಿ.

ಅಂಟಿಸಿದ ತುಂಡಿನ ಅಂಚಿನ ಮೇಲೆ ಒಂದೆರಡು ಕಡೆ ಛಾಯೆಯನ್ನು ಹಾಯಿಸಬೇಕು. ಪತ್ರಿಕೆಯ ಮೇಲೆ ಚೊಂಬಿನ ನೆರಳು ಬೀಳಲಿ. ಆಗ ಕಾಗದ ಮತ್ತು ಬಣ್ಣ ಒಂದಾಗುತ್ತವೆ.

ಮನುಷ್ಯರ ಮುಖ ಬರೆಯುವವರಿಗೆ

ಚೊಂಬು ಮುಗಿಸಿದವರು ಪಕ್ಕದ ಬೆಂಚಿನ ಗೆಳೆಯನನ್ನು ಬರೆಯಬಹುದು. ಕ್ರಮ ಅದೇ, ನೋಟ ಮೂರು: ಎದುರು, ಪೂರ್ತಿ ಪಕ್ಕ, ಮುಕ್ಕಾಲು (ಎದುರಿಗೂ ಪಕ್ಕಕ್ಕೂ ನಡುವಿನದು). ಮೂಗನ್ನು ಪಕ್ಕದಿಂದ, ಒಂದು ಕಣ್ಣನ್ನು ಎದುರಿನಿಂದ, ಕಿವಿಯನ್ನು ಪಕ್ಕದಿಂದ, ಸಮವಸ್ತ್ರದ ಕಾಲರನ್ನು ಮುಕ್ಕಾಲು ನೋಟದಿಂದ ತೆಗೆದುಕೊಳ್ಳಿ. ಹ್ವಾನ್ ಗ್ರಿಸ್ 1912ರಲ್ಲಿ ಬರೆದ ಪಿಕಾಸೊ ಭಾವಚಿತ್ರ ಇದಕ್ಕೆ ಒಳ್ಳೆಯ ಪಾಠ. ಎಷ್ಟು ಒಡೆದರೂ ಅದರಲ್ಲಿ ಕೂತ ಮನುಷ್ಯ ಕೂತೇ ಇದ್ದಾನೆ. ಎರಡು ಕಣ್ಣೂ ಒಂದೇ ಕೆನ್ನೆಗೆ ಬಂದ, ಕೆಂಪು ಹಸಿರು ಹಳದಿಯ ಮುಖಗಳನ್ನು ಕ್ಯೂಬಿಸಂ ಎಂದು ನಕಲು ಮಾಡಿಸುವುದುಂಟು. ಅಂಥವು ಹೆಚ್ಚಾಗಿ ಪಿಕಾಸೊ 1930ರ ದಶಕದಲ್ಲಿ ಬರೆದ ಚಿತ್ರಗಳಿಂದ ಬಂದವು. ನಾವು ಇಲ್ಲಿ ಕಲಿಯುತ್ತಿರುವ ಕಾಲದ್ದಲ್ಲ.

ಎಲ್ಲಿ ನಿಲ್ಲಿಸಬೇಕು

ಚಿತ್ರವನ್ನು ಗೋಡೆಗೆ ಒರಗಿಸಿ ಹತ್ತಡಿ ಹಿಂದೆ ಸರಿಯಿರಿ. ಒಮ್ಮೆ ತಲೆಕೆಳಗು ಮಾಡಿ ನೋಡಿ. ಒಂದು ಕಡೆ ಕಪ್ಪು ಗುಡ್ಡೆ ಬಿದ್ದಿದ್ದರೆ ತಲೆಕೆಳಗಾದಾಗ ಥಟ್ಟನೆ ಕಾಣುತ್ತದೆ. ಅದರ ಎದುರು ಮೂಲೆಯ ಬಳಿ 5ನೇ ಛಾಯೆಯ ಒಂದು ಸಣ್ಣ ಮುಖ ಇಟ್ಟರೆ ತೂಕ ಸರಿಹೋಗುತ್ತದೆ. ಚೊಂಬಿನ ಗುರುತು ಪೂರ್ತಿ ಕಳೆದುಹೋಗಿದ್ದರೆ 2ನೇ ನಂಬರ್ ದುಂಡು ಬ್ರಶ್ಶಿನಿಂದ ಬಾಯಿಯ ಅಂಚಿನ ಕಾಲು ವೃತ್ತವನ್ನೂ ಕತ್ತಿನ ಒಂದು ಬಳುಕನ್ನೂ ಗಾಢವಾಗಿ ತಿದ್ದಿ. ಇಡೀ ಹೊರಗೆರೆ ತಿದ್ದಲು ಕೈ ತುರಿಸುತ್ತದೆ, ಬೇಡ.

ಒಣಗಿದ ಮೇಲೆ ಚಿತ್ರವನ್ನು ಮಗುಚಿ, ಮೇಲೆ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಕಿ, ನಾಲ್ಕು ದಪ್ಪ ಪುಸ್ತಕದಡಿ ಒಂದು ರಾತ್ರಿ ಇಟ್ಟರೆ ಸೊಟ್ಟ ಹೋಗುತ್ತದೆ. ಪೂರ್ತಿ ಒಣಗದೆ ಇಟ್ಟರೆ ಪ್ಲಾಸ್ಟಿಕ್ಕಿಗೆ ಬಣ್ಣ ಹತ್ತಿಕೊಂಡು ಬರುತ್ತದೆ. ಸುರುಳಿ ಸುತ್ತಬೇಡಿ, ಅಂಟಿಸಿದ ಅಂಚು ಏಳುತ್ತದೆ. ಪತ್ರಿಕೆಯ ಕಾಗದ ಬಿಸಿಲಿಗೆ ಬೇಗ ಹಳದಿಯಾಗುವುದರಿಂದ ಶಾಲೆಯ ಗೋಡೆಗೆ ಹಾಕುವಾಗ ಕಿಟಕಿಯ ಎದುರು ಗೋಡೆ ಬಿಟ್ಟು ಪಕ್ಕದ ಗೋಡೆ ಆರಿಸಿ. ಐದು ನೋಟಗಳ ಆ ರದ್ದಿ ಹಾಳೆಯನ್ನೂ ಎಸೆಯದೆ ಚಿತ್ರದ ಪಕ್ಕದಲ್ಲೇ ಪಿನ್ ಮಾಡಿ. ನೋಡಲು ಬಂದವರು ಮೊದಲು ಅದನ್ನು ನೋಡಿ, ಆಮೇಲೆ ಚಿತ್ರದಲ್ಲಿ ಬಾಯಿ ಎಲ್ಲಿ, ತಳ ಎಲ್ಲಿ ಎಂದು ಬೆರಳಿಟ್ಟು ಹುಡುಕುತ್ತಾರೆ.